ಬೀಸುವ ಕಲ್ಲಿನ ಮಟ್ಟಿನಾಗ ಪುರಾಣ ಬರೆದ ತಾಯಿ

ಜಯದೇವಿತಾಯಿ ಲಿಗಾಡೆಯವರ ಹೆಸರು ಕಲ್ಯಾಣ, ಬೀದರ ಕಡೆ ಹೋದ್ರ ಇವತ್ತಿಗೂ ಕಿವಿಗೆ ಬೀಳತದ. ನಮ್ಮ ಜಹೀರಾಬಾದ, ನಾರಾಯಣಖೇಡ, ತಾಂಡೂರ ಕಡೆ ಬಂದ್ರ ಆ ಹೆಸರು ಹೇಳೋರು ಕಡಿಮಿ. ಆದ್ರ ನನ್ನ ವಿಚಾರ ಕೇಳಿದ್ರ, ಕರ್ನಾಟಕದಾಗ ಇರೋರಿಗಿಂತ ಗಡಿಯ ಈ ಕಡೆ ಉಳಿದ ನಮಗೇ ಅವರು ಹೆಚ್ಚು ಬೇಕಾದವರು. ಯಾಕಂದ್ರ ಅವರು ಹುಟ್ಟಿದ ಊರೂ ನಮ್ಮ ಊರುಗಳ ಹಾಂಗೇ ಕನ್ನಡ ಮಾತಾಡತಾ ಮಾತಾಡತಾನೇ ಬ್ಯಾರೆ ರಾಜ್ಯದ ಪಾಲಾತು. ಮತ್ತ ಅವರು ತಮ್ಮ ದೊಡ್ಡ ಪುರಾಣವನ್ನು ಬರೆದದ್ದು ನಮ್ಮ ಅವ್ವಂದಿರು ಜೋಳ ಬೀಸುವಾಗ ಹಾಡತಿದ್ದ ಮಟ್ಟಿನಾಗ. ಈ ಎರಡು ಮಾತು ಹೇಳಲಿಕ್ಕೇ ಈ ಲೇಖನ.

ಮೊದಲು ದಾರಿ ಹೇಳತೀನಿ. ಜಹೀರಾಬಾದಿನ ಮುಂದೆ ಹಾದು ಹೋಗೋ ಹೆದ್ದಾರಿ ಎಲ್ಲರಿಗೂ ಗೊತ್ತು. ಮೂಡಣಕ್ಕೆ ಹೋದ್ರ ಹೈದರಾಬಾದ. ಪಡುವಣಕ್ಕೆ ಹೋದ್ರ ಹುಮನಾಬಾದ, ಅಲ್ಲಿಂದ ಮುಂದೆ ಬಸವಕಲ್ಯಾಣಕ್ಕೆ ತಿರುಗೋ ದಾರಿ, ಆಮ್ಯಾಲೆ ಉಮರ್ಗಾ, ಆಮ್ಯಾಲೆ ಸೊಲ್ಲಾಪುರ. ಒಂದೇ ರಸ್ತಾ, ಮೂರು ರಾಜ್ಯ. ಜಯದೇವಿತಾಯಿ ಹುಟ್ಟಿದ್ದು ಈ ರಸ್ತಾದ ಮ್ಯಾಲಿನ ಸೊಲ್ಲಾಪುರದಾಗ. ಕಡೆಗಾಲ ಕಳೆದದ್ದು ಅದೇ ದಾರಿಗೆ ಹತ್ತಿದ ಬಸವಕಲ್ಯಾಣದಾಗ. ನಮ್ಮ ಊರಿಂದ ಅವರ ಊರು ದೂರ ಅಲ್ಲ.

ಅವರು ಹುಟ್ಟಿದ್ದು 1912ರ ಜೂನ್ 23ರಂದು, ಸೊಲ್ಲಾಪುರದ ಮಡಕಿ ಮನೆತನದಾಗ. ಅನುಕೂಲಸ್ಥ ವೀರಶೈವ ಮನೆತನ. ಆಗ ಸೊಲ್ಲಾಪುರ ಮುಂಬಯಿ ಇಲಾಖೆಯೊಳಗ ಇತ್ತು. ಮನೆಯೊಳಗ ಕನ್ನಡ, ಮಠದಾಗ ಕನ್ನಡ, ಸಿದ್ಧರಾಮೇಶ್ವರನ ಜಾತ್ರಿಯಾಗ ಕನ್ನಡ. ಆದ್ರ ಸಾಲಿಯೊಳಗ ಮರಾಠಿ, ಕಚೇರಿಯೊಳಗ ಮರಾಠಿ. ಜಯದೇವಿ ಕಲಿತದ್ದು ಮರಾಠಿ ಸಾಲಿ. ಸಣ್ಣ ವಯಸ್ಸಿನಾಗೇ ಲಿಗಾಡೆ ಮನೆತನಕ್ಕೆ ಸೊಸಿಯಾಗಿ ಹೋದರು. ಆ ಕಾಲದಾಗ ಹೆಣ್ಣಿನ ಓದು ಅಲ್ಲಿಗೇ ಮುಗೀಬೇಕು. ಇವರದು ಅಲ್ಲಿಗೆ ಮುಗೀಲಿಲ್ಲ.

ಬಸವಣ್ಣನ ವಚನ, ಅಕ್ಕನ ವಚನ, ತಮ್ಮ ಊರಿನ ಸಿದ್ಧರಾಮನ ವಚನ ತಾವೇ ಓದಬೇಕು ಅಂದ್ರ ಕನ್ನಡ ಅಕ್ಷರ ಬೇಕು. ಮಾತು ಬಾಯಾಗ ಇತ್ತು, ಅಕ್ಷರ ಕೈಯಾಗ ಇರಲಿಲ್ಲ. ದೊಡ್ಡವರಾದ ಮ್ಯಾಲೆ, ಮನಿ ಮಕ್ಕಳು ನೋಡಕೋತ, ಅವರು ಕನ್ನಡ ಓದೋದು ಬರೆಯೋದು ಕಲಿತರು. ಗಂಡ ತೀರಿಹೋದ ಮ್ಯಾಲೂ ಓದು ಬರಹ ಬಿಡಲಿಲ್ಲ. ನಮ್ಮ ಕಡೆ ಈಗ ಎಷ್ಟೋ ಮನೆಯಾಗ ಇದೇ ಸ್ಥಿತಿ ಅದ. ಮನೆಯೊಳಗ ಅಜ್ಜಿ ಕನ್ನಡ ಮಾತಾಡತಾಳ, ಮೊಮ್ಮಗ ಕನ್ನಡದಾಗೇ ತಿರುಗಿ ಮಾತಾಡತಾನ, ಆದ್ರ ಬರೀ ಅಂದ್ರ ತೆಲುಗು ಬರೀತಾನ, ಇಲ್ಲ ಇಂಗ್ಲಿಷ್ ಬರೀತಾನ. ಅದಕ್ಕ ಈ ಮಾತು ಮೊದಲು ಹೇಳಿದೆ. ಮಹಾಕಾವ್ಯ ಬರೆದ ಕೈ ಕೂಡ ಕನ್ನಡದ ಅಕ್ಷರ ತಡವಾಗೇ ತಿದ್ದಿತ್ತು.

ಈಗ ನಮ್ಮ ಊರುಗಳ ಕಥಿ ಸ್ವಲ್ಪ ಹೇಳತೀನಿ, ಅವರ ಊರಿನ ಕಥಿಗೆ ಅದು ಕೂಡತದ. ನಿಜಾಮರ ಆಳ್ವಿಕೆಯಾಗ ಜಹೀರಾಬಾದ, ನಾರಾಯಣಖೇಡ ತಾಲೂಕು ಬೀದರ ಜಿಲ್ಲೆಯೊಳಗ ಇದ್ದವು. ನ್ಯಾಲಕಲ್ ಭಾಗ ಬೀದರ ತಾಲೂಕಿಗೇ ಸೇರಿತ್ತು. ತಾಂಡೂರ, ಕೊಡಂಗಲ್ ಎರಡೂ ಕಲಬುರಗಿ ಜಿಲ್ಲೆಯ ತಾಲೂಕು. 1948ರ ಸಪ್ಟೆಂಬರದಾಗ ಹೈದರಾಬಾದ ಸಂಸ್ಥಾನ ಭಾರತದೊಳಗ ಸೇರಿತು. 1956ರ ನವೆಂಬರ್ 1ಕ್ಕೆ ಭಾಷೆ ನೋಡಿ ರಾಜ್ಯ ಹಂಚಿದರು. ಬೀದರ, ಕಲಬುರಗಿ, ರಾಯಚೂರ ಮೈಸೂರು ರಾಜ್ಯಕ್ಕೆ ಹೋದವು. ಜಹೀರಾಬಾದ ತಾಲೂಕಿನ ನಿರ್ಣಾ ಭಾಗ ಒಂದು ಬಿಟ್ಟು ಉಳಿದದ್ದು, ನ್ಯಾಲಕಲ್ ಭಾಗ, ನಾರಾಯಣಖೇಡ, ತಾಂಡೂರ, ಕೊಡಂಗಲ್ ಎಲ್ಲ ಆಂಧ್ರಕ್ಕೆ ಬಂದವು. ಹೊಲದ ಬದುವಿನ ಆ ಕಡೆ ಕರ್ನಾಟಕ, ಈ ಕಡೆ ಆಂಧ್ರ. 2014ರಾಗ ಅದು ತೆಲಂಗಾಣ ಆತು. 2016ರಾಗ ಜಹೀರಾಬಾದ, ನಾರಾಯಣಖೇಡ ಸಂಗಾರೆಡ್ಡಿ ಜಿಲ್ಲೆಗೆ, ತಾಂಡೂರ ವಿಕಾರಾಬಾದ ಜಿಲ್ಲೆಗೆ ಸೇರಿದವು. ಬೋರ್ಡು ಬದಲಾದವು, ಬೀಗರು ಬದಲಾಗಲಿಲ್ಲ. ಈಗೂ ಚಿಂಚೋಳಿ, ಸೇಡಂ, ಹುಮನಾಬಾದ ಕಡೆಯಿಂದ ಹೆಣ್ಣು ತರತೀವಿ, ಆ ಕಡೆ ಕೊಡತೀವಿ.

ಸೊಲ್ಲಾಪುರದ ಕಥಿನೂ ಇದೇ. ಜಯದೇವಿತಾಯಿ ಕರ್ನಾಟಕದ ಏಕೀಕರಣಕ್ಕೆ ದುಡಿದವರು. ಸೊಲ್ಲಾಪುರದ ಕನ್ನಡ ಜನಾನೂ ಒಂದಾಗೋ ನಾಡಿನೊಳಗ ಇರಬೇಕು ಅಂತ ಅವರ ಆಸೆ. 1950ರಾಗ ಸೊಲ್ಲಾಪುರದಾಗೇ ಕನ್ನಡ ಸಾಹಿತ್ಯ ಸಮ್ಮೇಳನ ನಡೀತು. ಎಂ. ಆರ್. ಶ್ರೀನಿವಾಸಮೂರ್ತಿ ಅಧ್ಯಕ್ಷರು, ಊರಿನ ಪರವಾಗಿ ಮುಂದೆ ನಿಂತವರು ಜಯದೇವಿತಾಯಿ. ಆದ್ರ 1956ರಾಗ ಸೊಲ್ಲಾಪುರ ಮುಂಬಯಿ ರಾಜ್ಯದಾಗೇ ಉಳೀತು, 1960ಕ್ಕೆ ಮಹಾರಾಷ್ಟ್ರದ ಪಾಲಾತು. 1967ರಾಗ ಮಹಾಜನ ಆಯೋಗ ಅಕ್ಕಲಕೋಟೆಯಂಥ ಸೀಮೆ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ಬರೆದು ಕೊಟ್ಟಿತು. ಅದು ಕಾಗದದಾಗೇ ಉಳೀತು. ಏಕೀಕರಣಕ್ಕೆ ದುಡಿದ ಹೆಣ್ಣುಮಗಳಿಗೆ ಏಕೀಕರಣ ಆದ ಮ್ಯಾಲೆ ತನ್ನ ಊರೇ ಹೊರಗ ಉಳೀತು. ಇನ್ನೊಬ್ಬರಾದ್ರ ಕೈ ಚೆಲ್ಲಿ ಕೂಡತಿದ್ದರು. ಅವರು ಕೂತದ್ದು ಬರೀಲಿಕ್ಕೆ.

ಏನು ಬರೆದರು, ಹ್ಯಾಂಗ ಬರೆದರು ಅನ್ನೋದು ಹಾಡೋ ಮನಷ್ಯಾ ಆಗಿ ನಾ ಹೇಳಬೇಕಾದ ಮಾತು. ಅವರ ಪುಸ್ತಕಗಳ ಹೆಸರು ನೋಡ್ರಿ: ‘ಜಯಗೀತೆ’, ‘ತಾಯಿಯ ಪದಗಳು’, ‘ತಾರಕ ತಂಬೂರಿ’. ಪದ, ತಂಬೂರಿ, ಎಲ್ಲ ನಮ್ಮ ಭಜನಿ ಮೇಳದ ಮಾತು. ಎಲ್ಲಕ್ಕಿಂತ ದೊಡ್ಡದು ‘ಶ್ರೀ ಸಿದ್ಧರಾಮ ಪುರಾಣ’. ನಾಲ್ಕು ಸಾವಿರಕ್ಕೂ ಮ್ಯಾಲೆ ಪದ್ಯ. ಎಲ್ಲ ತ್ರಿಪದಿ.

ತ್ರಿಪದಿ ಅಂದ್ರ ಏನು ಅಂತ ಹುಡುಗರು ಕೇಳತಾರ. ಮೂರು ಸಾಲಿನ ಪದ. ಮೊದಲಿನ ಎರಡು ಸಾಲು ಉದ್ದ, ಮೂರನೇದು ಸ್ವಲ್ಪ ಗಿಡ್ಡ. ಹಾಡುವಾಗ ಎರಡನೇ ಸಾಲಿನ ತುದಿಯನ್ನು ತಿರುಗಿ ಎತ್ತಿಕೊಂಡು ಮೂರನೇದಕ್ಕೆ ಇಳೀತೀವಿ. ಬೀಸುವ ಕಲ್ಲಿನ ಗೂಟ ಹಿಡಿದು ಇಬ್ಬರು ಎದುರುಬದುರು ಕೂತಾಗ ಒಬ್ಬಾಕಿ ಎತ್ತತಾಳ, ಇನ್ನೊಬ್ಬಾಕಿ ಕೂಡತಾಳ. ಕಲ್ಲು ತಿರುಗೋ ಹದಕ್ಕೆ ಪದ ತಿರುಗತದ. ಇದು ನಿನ್ನೆ ಮೊನ್ನೆಯ ಮಟ್ಟಲ್ಲ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ಸುಮಾರು 1300 ವರ್ಷದ ಹಿಂದಿನದು, ಅದರಾಗ ತ್ರಿಪದಿ ಕಲ್ಲಿನ ಮ್ಯಾಲೆ ಕೆತ್ತ್ಯಾರ. ಅಕ್ಕಮಹಾದೇವಿಯ ‘ಯೋಗಾಂಗ ತ್ರಿವಿಧಿ’ ಇದೇ ಮಟ್ಟು. ಸರ್ವಜ್ಞ ಹೇಳಿದ್ದು ಇದೇ ಮಟ್ಟಿನಾಗ. ಸಿದ್ಧರಾಮನ ಹೆಸರಿನಾಗೂ ಬಸವಣ್ಣನ ಸ್ತೋತ್ರದ ತ್ರಿವಿಧಿ ಅದ. ಶಾಸನದಾಗಿದ್ದ ಮಟ್ಟನ್ನ ಸಾವಿರ ವರ್ಷ ಬಾಯಾಗ ಇಟಕೊಂಡು ಕಾಯ್ದವರು ಮಾತ್ರ ಸಾಲಿ ಕಲಿಯದ ಹೆಣ್ಣುಮಕ್ಕಳು.

ಸಿದ್ಧರಾಮನ ಕಥಿ ರೈತರ ಮಕ್ಕಳಿಗೆ ಹೇಳಿದ್ರ ಕಣ್ಣಿಗೆ ಕಟ್ಟತದ. ಹನ್ನೆರಡನೇ ಶತಮಾನ. ಸೊಲ್ಲಾಪುರಕ್ಕ ಆಗ ಸೊನ್ನಲಿಗೆ ಅಂತ ಹೆಸರು. ಮುದ್ದುಗೌಡ, ಸುಗ್ಗವ್ವೆಯರ ಮಗ. ಮಾತು ಕಡಿಮಿ, ಜನ ದಡ್ಡ ಅಂದರು. ಹೊಲದಾಗ ನವಣಿ ಕಾಯತಿದ್ದ. ಒಬ್ಬ ಜಂಗಮ ಬಂದು ಹಸಿವಿ ಅಂದ. ಹುಡುಗ ಎಳೀ ತೆನಿ ಸುಟ್ಟು ಕೊಟ್ಟ. ತಿಂದ ಮ್ಯಾಲೆ ಹೊಟ್ಟಿ ಉರಿ, ಮಜ್ಜಿಗಿ ಅನ್ನ ತಾ ಅಂದ. ಹುಡುಗ ಮನಿಗೆ ಓಡಿ ತರೋದರೊಳಗ ಜಂಗಮ ಇಲ್ಲ. ಮಲ್ಲಯ್ಯಾ ಮಲ್ಲಯ್ಯಾ ಅಂತ ಅಳಕೋತ ಶ್ರೀಶೈಲದ ಯಾತ್ರಿಕರ ಬೆನ್ನು ಹತ್ತಿ ಹೋದ. ತಿರುಗಿ ಬಂದವ ಊರಿಗೆ ಕೆರಿ ಕಟ್ಟಿಸಿದ, ಗುಡಿ ಕಟ್ಟಿಸಿದ. ಆಮ್ಯಾಲೆ ಅಲ್ಲಮಪ್ರಭು ಅವನನ್ನ ಕಲ್ಯಾಣಕ್ಕೆ ಕರಕೊಂಡು ಬಂದ, ಚೆನ್ನಬಸವಣ್ಣನಿಂದ ದೀಕ್ಷೆ ಆತು. ಈಗೂ ಸಂಕ್ರಾಂತಿಗೆ ಸೊಲ್ಲಾಪುರದಾಗ ಉದ್ದನ್ನ ನಂದಿಕೋಲು ಹೊತ್ತು ಜಾತ್ರಿ ಮಾಡತಾರ. ಮರಾಠಿ ಮಂದಿ, ಕನ್ನಡ ಮಂದಿ, ತೆಲುಗು ನೇಕಾರ ಮಂದಿ ಎಲ್ಲರೂ ಕೂಡತಾರ.

ಈ ಕಥಿಯನ್ನ ಮೊದಲು ಕಾವ್ಯ ಮಾಡಿದವ ಹಂಪಿಯ ರಾಘವಾಂಕ, ‘ಸಿದ್ಧರಾಮ ಚಾರಿತ್ರ’. ಅದು ಷಟ್ಪದಿ, ಆರು ಸಾಲಿನ ಪದ್ಯ. ಮಠದಾಗ ಒಬ್ಬರು ಓದಬೇಕು, ಇನ್ನೊಬ್ಬರು ಅರ್ಥ ಬಿಡಿಸಿ ಹೇಳಬೇಕು, ಜನ ಕೂತು ಕೇಳಬೇಕು. ಓದೋರು ಗಂಡಸರು, ಅರ್ಥ ಹೇಳೋರೂ ಗಂಡಸರು. ಜಯದೇವಿತಾಯಿ ಅದೇ ಕಥಿ ಹಿಡಿದರು, ಮಟ್ಟು ಬದಲು ಮಾಡಿದರು. ಷಟ್ಪದಿ ಬರೆದಿದ್ರ ಪಂಡಿತರು ಇನ್ನೂ ಬೇಗ ಮೆಚ್ಚತಿದ್ದರೋ ಏನೋ. ಅವರು ಆರಿಸಿಕೊಂಡದ್ದು ಹೆಣ್ಣುಮಕ್ಕಳಿಗೆ ಅರ್ಥ ಬಿಡಿಸಿ ಹೇಳೋದೇ ಬೇಡಾದ ಮಟ್ಟು. ಏಳನೇ ಇಯತ್ತೆ ಕಲಿತ ನನ್ನಂಥವನಿಗೂ ಅದು ನಿಲುಕತದ. ತ್ರಿಪದಿ ಓದಬೇಕಾಗಿಲ್ಲ, ಎರಡು ಸಲ ಕೇಳಿದ್ರ ಮೂರನೇ ಸಲಕ್ಕೆ ಬಾಯಿಗೆ ಬರತದ.

ಇಷ್ಟು ಸಣ್ಣ ಪದದಾಗ ಇಷ್ಟು ದೊಡ್ಡ ಪುರಾಣ ಹೇಳೋದು ಸುಲಭ ಅಲ್ಲ. ತ್ರಿಪದಿ ಪ್ರತಿಯೊಂದೂ ತನ್ನಷ್ಟಕ್ಕ ಮುಗೀತದ. ತವರು ನೆನಸೋದು, ಮಗನ ಆಡಿಸೋದು, ಅಣ್ಣನ ಹೊಗಳೋದು, ಒಂದೊಂದು ಪದಕ್ಕೆ ಒಂದೊಂದು ಮಾತು. ಅದನ್ನ ಒಂದಕ್ಕೊಂದು ಹೆಣೆದು ಒಬ್ಬ ಶರಣನ ಹುಟ್ಟಿನಿಂದ ಕಡೀತನಕ ಎಳಕೊಂಡು ಹೋಗಬೇಕು, ಕೇಳೋರಿಗೆ ಬ್ಯಾಸರ ಆಗಬಾರದು. ಬೀಸೋ ಹೆಣ್ಣುಮಗಳು ಒಮ್ಮೆಗೆ ಒಂದು ಹಿಡಿ ಕಾಳು ಹಾಕತಾಳ. ಆದ್ರ ಬೆಳಕು ಹರಿಯೋದರೊಳಗ ಮನಿ ಮಂದಿಗೆಲ್ಲ ಆಗೋವಷ್ಟು ಹಿಟ್ಟು ಬಿದ್ದಿರತದ. ತಾಯಿಯವರು ಪುರಾಣ ಬರೆದದ್ದು ಹಾಂಗ.

ಇಲ್ಲಿ ಒಂದು ಮಾತು ಮರೆಮಾಚದೆ ಹೇಳಬೇಕು. ಜಯದೇವಿತಾಯಿ ಸಿರಿವಂತರ ಮನೆಯ ಮಗಳು. ಹೊಟ್ಟೆಗೆ ಕಡಿಮಿ ಇರಲಿಲ್ಲ, ಕಾಗದಕ್ಕೂ ಕಡಿಮಿ ಇರಲಿಲ್ಲ. ಲೋಕದಾಗ ಹೆಸರು ಹಾಕಿ ಬರೆದ ಮೊದಮೊದಲ ಹೆಣ್ಣುಮಕ್ಕಳ ಕಥಿ ತೆಗೆದು ನೋಡಿದ್ರ ಬಹಳ ಕಡೆ ಹಿಂಗೇ ಅದ. ನಮ್ಮ ಹಿರಿಯರು ರಾಜಧಾನಿ ಅಂತ ನೋಡಿದ್ದು ಹೈದರಾಬಾದ. ಅಲ್ಲಿ 1768ರಾಗ ಹುಟ್ಟಿದ ಮಹಲಖಾ ಬಾಯಿ ಚಂದಾ ಉರ್ದು ಗಜಲ್ ಬರೆದಾಕಿ. ತನ್ನ ಕವಿತೆ ಕೂಡಿಸಿ ದಿವಾನು ಮಾಡಿದ ಮೊದಲಿನ ಹೆಣ್ಣುಮಕ್ಕಳಾಗ ಆಕಿ ಒಬ್ಬಾಕಿ. ಆಕಿಗೆ ನಿಜಾಮರ ದರಬಾರಿನ ಆಸರ ಇತ್ತು. ಮೌಲಾ ಅಲಿ ಗುಡ್ಡದ ಬಲ್ಲಿ ಆಕಿಯ ಗೋರಿ ಈಗೂ ಅದ. ಸಮುದ್ರ ದಾಟಿ ಅರಬ್ಬರ ಕೈರೋ ಪಟ್ಟಣಕ್ಕೆ ಹೋದ್ರ ಅಲ್ಲಿ ಆಯಿಶಾ ತೈಮೂರ್, 1840ರಾಗ ಹುಟ್ಟಿದಾಕಿ. ತಾಯಿ ಕಸೂತಿ ಕಲಿ ಅಂದಳು, ಮಗಳು ಪುಸ್ತಕ ಬೇಕು ಅಂದಳು. ತಂದಿ ಮಗಳ ಕಡೆ ನಿಂತ, ಮನಿಗೇ ಗುರುಗಳನ್ನ ಕರೆಸಿದ. ಮದುವಿ ಆದ ಮ್ಯಾಲೆ ಓದು ನಿಂತಿತು. ತಂದಿ, ಗಂಡ ಇಬ್ಬರೂ ತೀರಿದ ಮ್ಯಾಲೆ ಮನಿಗೆ ಹೆಣ್ಣು ಗುರುಗಳನ್ನ ಇಟಕೊಂಡು ತಿರುಗಿ ಛಂದಸ್ಸು ಕಲಿತಳು. ಅರಬ್ಬಿ, ತುರ್ಕಿ, ಫಾರಸಿ ಮೂರರಾಗೂ ಕವಿತೆ ಬರೆದಳು. 1902ರಾಗ ತೀರಿಕೊಂಡಳು. ಜಯದೇವಿತಾಯಿಗಿಂತ ಎಪ್ಪತ್ತು ವರ್ಷ ಮೊದಲಿನಾಕಿ, ಬ್ಯಾರೆ ಧರ್ಮ, ಬ್ಯಾರೆ ದೇಶ. ಆದ್ರ ಬಾಳಿನ ದಾರಿ ನೋಡ್ರಿ: ಸಣ್ಣ ವಯಸ್ಸಿನ ಮದುವಿ, ನಡುವೆ ನಿಂತ ಓದು, ದೊಡ್ಡಾಕಿ ಆದ ಮ್ಯಾಲೆ ತಿರುಗಿ ಹಿಡಿದ ಅಕ್ಷರ, ಒಂದಕ್ಕಿಂತ ಹೆಚ್ಚು ಭಾಷೆ.

ಆಸರ ಇದ್ದ ಹೆಣ್ಣುಮಕ್ಕಳ ಹೆಸರು ಉಳಿದವು. ಆಸರ ಇಲ್ಲದವರ ಪದ ಉಳಿದವು, ಹೆಸರು ಹೋದವು. ಸೊಲ್ಲಾಪುರಕ್ಕೆ ಹತ್ತಿರದ ಹಲಸಂಗಿಯ ಗೆಳೆಯರು ಹಳ್ಳಿ ಹೆಣ್ಣುಮಕ್ಕಳ ಪದ ಬರಕೊಂಡು 1931ರಾಗ ‘ಗರತಿಯ ಹಾಡು’ ಅಂತ ಪುಸ್ತಕ ತಂದರು. ದೊಡ್ಡ ಉಪಕಾರ. ಆದ್ರ ಬೀಸುವ ಪದ ಕಟ್ಟಿದಾಕಿ ಯಾರು ಅಂದ್ರ ಯಾರು ಹೇಳಬೇಕು? ಜಯದೇವಿತಾಯಿಯ ದೊಡ್ಡತನ ನನಗ ಕಾಣೋದು ಇಲ್ಲೇ. ಸಿರಿವಂತರ ಮನೆಯಾಗ ಹುಟ್ಟಿದರೂ ಅವರು ಹೆಸರಿಲ್ಲದ ಈ ಹೆಣ್ಣುಮಕ್ಕಳ ಮಟ್ಟು ಹಿಡಿದರು, ಅದನ್ನ ಮಹಾಕಾವ್ಯದ ಗದ್ದುಗೆ ಮ್ಯಾಲೆ ಕೂಡಿಸಿದರು.

ಕನ್ನಡ ಕಲಿತೆ ಅಂತ ಅವರು ಮರಾಠಿ ಬಿಡಲಿಲ್ಲ. ವಚನಗಳನ್ನ, ‘ಶೂನ್ಯ ಸಂಪಾದನೆ’ಯನ್ನ ಮರಾಠಿಗೆ ಒಯ್ದರು. ‘ಸಿದ್ಧವಾಣಿ’, ‘ಬಸವ ದರ್ಶನ’, ‘ಮಹಾಯೋಗಿನಿ’ ಅವರ ಮರಾಠಿ ಪುಸ್ತಕಗಳು. ಗಡಿಯ ಸಲುವಾಗಿ ಇಬ್ಬರೂ ಸಿಟ್ಟಿಗೆದ್ದಿದ್ದ ಕಾಲದಾಗ ಅವರು ಮಾಡಿದ ಕೆಲಸ ಇದು. ತನ್ನ ಊರು ಕನ್ನಡದ್ದು ಅಂತ ಗಟ್ಟಿಯಾಗಿ ಹೇಳಿದರು, ನೆರೆಮನೆಯವರಿಗೆ ಅವರ ಭಾಷೆಯಾಗೇ ಬಸವಣ್ಣನನ್ನ ಕೊಟ್ಟರು. ತೆಲುಗಿನ ನಡುವೆ ಇರೋ ನಮಗೂ ಇದು ಒಳ್ಳೇ ಪಾಠ. ತೆಲುಗು ಕಲಿತ್ರ ಕನ್ನಡ ಹೋಗತದ ಅನ್ನೋದು ಸುಳ್ಳು. ಕನ್ನಡ ಬಿಟ್ಟರೇ ಕನ್ನಡ ಹೋಗತದ.

1974ರಾಗ ಮಂಡ್ಯದಾಗ 48ನೇ ಕನ್ನಡ ಸಾಹಿತ್ಯ ಸಮ್ಮೇಳನ ಆತು. 1915ರಿಂದ ನಡೆದ 47 ಸಮ್ಮೇಳನಕ್ಕೂ ಗಂಡಸರೇ ಅಧ್ಯಕ್ಷರು. 1928ರಾಗ ನಮ್ಮ ಕಲಬುರಗಿಯೊಳಗ ಬಿ. ಎಂ. ಶ್ರೀಕಂಠಯ್ಯ, 1929ರಾಗ ಬೆಳಗಾವಿಯೊಳಗ ಮಾಸ್ತಿ, 1943ರಾಗ ಶಿವಮೊಗ್ಗದಾಗ ಬೇಂದ್ರೆ, 1957ರಾಗ ಧಾರವಾಡದಾಗ ಕುವೆಂಪು. ಅಂಥವರು ಕೂತ ಕುರ್ಚಿಯಲ್ಲಿ ಮೊದಲನೇ ಹೆಣ್ಣುಮಗಳಾಗಿ ಕೂತವರು ಜಯದೇವಿತಾಯಿ. ಇನ್ನೊಂದು ಸಂಗತಿ ಅದ. 1973ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟರು. ಆ ಹೆಸರು ಬಂದ ಮ್ಯಾಲೆ ಆದ ಮೊದಲನೇ ಸಮ್ಮೇಳನ ಮಂಡ್ಯದ್ದು. ಕರ್ನಾಟಕದ ಗೆರಿಯ ಹೊರಗ ಉಳಿದ ಊರಿನ ಮಗಳು, ಮರಾಠಿ ಸಾಲಿ ಕಲಿತಾಕಿ, ಆ ಸಮ್ಮೇಳನದ ಅಧ್ಯಕ್ಷೆ. ಭಾಷೆ ನಕ್ಷೆಯೊಳಗ ಇರೋದಿಲ್ಲ ಅನ್ನಲಿಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗ ಗೊತ್ತಿಲ್ಲ. ಅವರ ಮ್ಯಾಲೆ ಎರಡನೇ ಹೆಣ್ಣುಮಗಳು ಅಧ್ಯಕ್ಷೆ ಆಗಲಿಕ್ಕೆ 2000ದ ತನಕ ಕಾಯಬೇಕಾತು, ಬಾಗಲಕೋಟೆಯೊಳಗ ಶಾಂತಾದೇವಿ ಮಾಳವಾಡರು.

ಕಡೆಗೆ ಅವರು ಬಸವಕಲ್ಯಾಣಕ್ಕೆ ಬಂದು ನಿಂತರು. ಸಿದ್ಧರಾಮ ಸೊನ್ನಲಿಗೆಯಿಂದ ಕಲ್ಯಾಣಕ್ಕೆ ಬಂದ ಹಾಂಗೇ, ಅವನ ಪುರಾಣ ಬರೆದಾಕಿನೂ ಬಂದಳು ಅಂತ ನಮ್ಮ ಮಂದಿ ಹೇಳತಾರ. 1986ರಾಗ ತೀರಿಕೊಂಡರು.

ಈಗ ನಮ್ಮ ಊರಿನ ಮಾತು. ಗಂಡನ ಮನಿಗೆ ಬರೋ ಹೆಣ್ಣುಮಗಳು ಸೀರಿ, ಭಾಂಡಿ ಕೂಡ ತನ್ನ ಊರಿನ ಪದಾನೂ ತರತಿದ್ದಳು. ಚಿಂಚೋಳಿಯ ಪದ ತಾಂಡೂರಕ್ಕೆ, ಹುಮನಾಬಾದಿನ ಪದ ಜಹೀರಾಬಾದಿಗೆ, ಔರಾದದ ಪದ ನಾರಾಯಣಖೇಡಕ್ಕೆ ಹಿಂಗೇ ಬಂದಾವ. 1956ರ ಗೆರಿ ಇವಕ್ಕೆ ಅಡ್ಡ ಬರಲಿಲ್ಲ. ಅಡ್ಡ ಬಂದದ್ದು ಹಿಟ್ಟಿನ ಗಿರಣಿ. ಕಲ್ಲು ನಿಂತಿತು, ಕಲ್ಲಿನ ಕೂಡ ಪದ ನಿಂತಿತು. ನಮ್ಮ ಅವ್ವನ ಬಾಯಿಂದ ಬಂದ ಪದ ನಾ ಮೇಳದಾಗ ಹಾಡತೀನಿ. ಕೇಳಿದವರು ಪದ ಚೆಂದ ಅದ ಅಂತಾರ, ಯಾರ ಪದ ಅಂತ ಕೇಳೋದಿಲ್ಲ. ಬೀಸಿ ಹಾಡಿದ ಮುದುಕೇರು ಈಗ ಒಂದೊಂದು ಊರಾಗ ಬೆರಳೆಣಿಕಿ ಮಂದಿ. ಅವರು ಹೋದ್ರ ಗರತಿಯ ಪದ ಕೇಳಲಿಕ್ಕೆ ಯಾರ ಮನಿಗೆ ಹೋಗೋದು?

ಇದು ಆಗದ ಕೆಲಸ ಅಲ್ಲ. ಜಹೀರಾಬಾದಿನ ಬಲ್ಲಿ ಮಾಚನೂರಿನಾಗ 2008ರಿಂದ ಸಂಗಂ ರೇಡಿಯೋ ನಡೀತದ. ಹೊಲದಾಗ ದುಡಿಯೋ ದಲಿತ ಹೆಣ್ಣುಮಕ್ಕಳೇ ಅದನ್ನ ನಡೆಸಿ, ತಮ್ಮ ಬೀಜದ ಮಾತು, ತಮ್ಮ ಹಾಡು ತಾವೇ ಹಿಡಿದಿಟ್ಟಾರ. ಅದು ತೆಲುಗಿನಾಗ ಆತು. ಅದೇ ಮಣ್ಣಿನಾಗ ಕನ್ನಡದಾಗೂ ಆಗಬೇಕು.

ನಮ್ಮ ವಾಚನಾಲಯದಾಗ ಒಂದು ದಪ್ಪ ವಹಿ ಇಡೋಣ. ಸಾಲಿಗೆ ಹೋಗೋ ಹುಡುಗ ಹುಡುಗೇರು ಅಜ್ಜಿಯ ಬಲ್ಲಿ ಕೂತು ಪದ ಬರಕೊಳ್ಳಲಿ. ಕನ್ನಡ ಅಕ್ಷರ ಬರದಿದ್ರ ತೆಲುಗು ಅಕ್ಷರದಾಗ ಬರೀಲಿ, ಎರಡೂ ಅಕ್ಕತಂಗೇರ ಹಾಂಗ ಅವ, ಆಮ್ಯಾಲೆ ತಿದ್ದಿ ಬರಕೊಂಡ್ರಾತು. ಪ್ರತಿ ಪದದ ಕೆಳಗ ಮೂರು ಸಂಗತಿ ಇರಲಿ: ಹಾಡಿದಾಕಿಯ ಹೆಸರು, ಆಕಿಯ ತವರೂರು, ಆ ಪದ ಆಕಿಗೆ ಯಾರಿಂದ ಬಂತು. ಅದರ ಮಗ್ಗಲಿಗೆ ಜಯದೇವಿತಾಯಿಯ ‘ಶ್ರೀ ಸಿದ್ಧರಾಮ ಪುರಾಣ’ದ ಒಂದು ಪ್ರತಿ ತರಿಸಿ ಇಡೋಣ. ಸೋಮವಾರದ ಭಜನಿಯಾಗ ಹತ್ತು ಹತ್ತು ತ್ರಿಪದಿ ಹಾಡಿಕೋತ ಹೋಗೋಣ. ಅರ್ಥ ಹೇಳೋರು ಬೇಕಾಗೋದಿಲ್ಲ, ಮಟ್ಟು ನಾ ಹೇಳಿಕೊಡತೀನಿ.